ಗೋಡೆ ಮೇಲಿನ ಹಸಿರು ಪತಂಗಕ್ಕೆ ಕೊಂಡಿ ಇಲ್ಲ

ಜಯನಗರದ ಅಪಾರ್ಟ್‌ಮೆಂಟ್ ಗೋಡೆಯದೆಂದು ಹಸಿರು ಪತಂಗದ ಫೋಟೋ ಒಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ‘ಇದು ಅಟ್ಲಾಸ್ ಪತಂಗ, ವಿಷದ ಕೊಂಡಿ ಇದೆ’ ಅಂತ ಬರಹ. ಎರಡೂ ತಪ್ಪು.

ರೆಕ್ಕೆ ನೋಡಿ. ಕಿರಿದು, ಉದ್ದ, ಜೆಟ್ ವಿಮಾನದ ಹಾಗೆ ಹಿಂದಕ್ಕೆ ಬಾಗಿದೆ. ಮೈ ದಪ್ಪ, ಬಾಲದ ಕಡೆ ಚೂಪು. ಮೀಸೆಗೆ ಗರಿ ಇಲ್ಲ, ತುದಿ ಕೊಕ್ಕೆಯಂತಿದೆ. ಇದು ಸ್ಫಿಂಜಿಡೇ, ಅಂದರೆ ಹಾಕ್ ಮಾತ್ ಕುಟುಂಬದ ಗುರುತು. ಅಟ್ಲಾಸ್ ಸ್ಯಾಟರ್ನಿಡೇ ಕುಟುಂಬದ್ದು: ಅಗಲ ರೆಕ್ಕೆ, ಅದರಲ್ಲಿ ಗಾಜಿನಂಥ ಕಿಟಕಿ, ಗರಿಯಂಥ ಮೀಸೆ. ಬಣ್ಣವೂ ಕೆಂಗಂದು.

ಫೋಟೋದಲ್ಲಿರುವುದು ಕಣಗಿಲೆ ಹಾಕ್ ಮಾತ್. ಇದರ ಹುಳು ಕಣಗಿಲೆ, ನಂದಿಬಟ್ಟಲು ಎಲೆ ತಿನ್ನುತ್ತದೆ. ನಮ್ಮ ಕಾಂಪೌಂಡುಗಳಲ್ಲಿ ಅವೇ ಜಾಸ್ತಿ ಅಲ್ವಾ? ಹುಳುವಿನ ಹಿಂಬದಿಯ ಕೊಂಬೂ ಚುಚ್ಚುವುದಿಲ್ಲ. ಪತಂಗಕ್ಕೆ ಇರುವುದು ಮಕರಂದ ಹೀರುವ ಸುರುಳಿ ನಾಲಿಗೆ ಮಾತ್ರ. ಸುಮ್ನೆ ಪೊರಕೆ ತರಬೇಡಿ.