ದೇವಯ್ಯ ಅವರಿಗೆ ಸಿಕ್ಕಿದ್ದು ಪರಮವೀರ ಚಕ್ರ ಅಲ್ಲ

ವಾಯುಪಡೆಯಲ್ಲಿದ್ದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಗೆ 1965ರ ಯುದ್ಧ ಮುಗಿದ ಕೂಡಲೇ ಪರಮವೀರ ಚಕ್ರ ಕೊಟ್ಟರು ಎಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು. ಅವರಿಗೆ ಸಿಕ್ಕಿದ್ದು ಅದರ ನಂತರದ ಸ್ಥಾನದ ಮಹಾವೀರ ಚಕ್ರ, ಅದೂ 1988ರಲ್ಲಿ!

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೋದ ದೇವಯ್ಯ ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲೇ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದ್ದರು. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದ ಜೆಟ್, ಮಿಸ್ಟೇರ್‌ಗಿಂತ ಎಷ್ಟೋ ಜಾಸ್ತಿ. ಈ ವಿಷಯ ಹೊರಬಂದಿದ್ದು ವರ್ಷಗಳ ನಂತರ, ಪಾಕಿಸ್ತಾನದ ಕಡೆಯ ವಿವರಗಳಿಂದ. ಪದಕ ತಡವಾಗಿದ್ದು ಅದಕ್ಕೇ.

ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಒಬ್ಬರೇ: 1971ರಲ್ಲಿ ಶ್ರೀನಗರವನ್ನು ಕಾಯುತ್ತಾ ಮಡಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್.