ಹಳೆಯ 300ಡಿಗೆ ಟರ್ಬೊ: ಒಂದು ಸ್ಪಷ್ಟನೆ

300ಡಿಯಂಥ ಹಳೆಯ ಮರ್ಸಿಡಿಸ್ ಡಬ್ಲ್ಯು123 ಸರಣಿಯ ಡೀಸೆಲ್ ಕಾರನ್ನು ಮನೆಯಲ್ಲೇ ರಿಪೇರಿ ಮಾಡುವವರ ನಡುವೆ ಒಂದು ಮಾತು ಓಡಾಡುತ್ತಿದೆ: 'ಸಾದಾ 300ಡಿಗೆ ಟರ್ಬೊ (ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ) ಕೂರಿಸಿ, ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿದರೆ ಅದು ಕಂಪನಿಯ ಟರ್ಬೊ ಡೀಸೆಲ್‌ಗೆ ಸಮ.' ಇದು ಸರಿಯಲ್ಲ.

ಎರಡರಲ್ಲೂ ಇರುವುದು ಓಎಂ617 ಎಂಬ ಐದು ಸಿಲಿಂಡರಿನ ಎಂಜಿನ್ನೇ. ಗೊಂದಲ ಹುಟ್ಟುವುದು ಇಲ್ಲೇ. ಆದರೆ ಟರ್ಬೊ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ಜೆಟ್‌ಗಳಿವೆ. ಪಂಪೂ ಬೇರೆ. ಟರ್ಬೊದ ಒತ್ತಡ ಏರಿದಂತೆ ಅದು ಡೀಸೆಲ್ ಹೆಚ್ಚಿಸುತ್ತದೆ. ವಾಲ್ವ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕೂಡ ಒಂದೇ ಅಲ್ಲ: ಎಂಜಿನ್ ತಣ್ಣಗಿದ್ದಾಗ ಎಕ್ಸಾಸ್ಟ್ ವಾಲ್ವಿಗೆ ಸಾದಾ ಎಂಜಿನ್ನಿನಲ್ಲಿ 0.30 ಮಿ.ಮೀ., ಟರ್ಬೊದಲ್ಲಿ 0.35.

ಬರೀ ಗಾಳಿ ತುಂಬಿದರೆ ಶಕ್ತಿ ಹೆಚ್ಚೇನೂ ಬರುವುದಿಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿ ನಿಂತಿರುವುದು ಒಳಗೆ ಹೋಗುವ ಡೀಸೆಲಿನ ಮೇಲೆ. ಹಾಗಂತ ಸ್ಕ್ರೂ ತಿರುಗಿಸುತ್ತಾ ಹೋದರೆ ಕಪ್ಪು ಹೊಗೆ ಬರುತ್ತದೆ, ಎಕ್ಸಾಸ್ಟಿನ ಬಿಸಿ ಏರುತ್ತದೆ. ಆಯಿಲ್ ಜೆಟ್ ಇಲ್ಲದ ಪಿಸ್ಟನ್ ಅದನ್ನು ಎಷ್ಟು ಹೊತ್ತು ತಾಳೀತು? ಉದ್ದದ ಏರಿನಲ್ಲಿ ಪಿಸ್ಟನ್ನೇ ಕರಗಬಹುದು. ಇಂಥ ಎಂಜಿನ್ ಹಾಳಾಗುವುದನ್ನು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಸಾದಾ ಎಂಜಿನ್ನಿಗೆ ಟರ್ಬೊ ಹಾಕಲೇಬಾರದು ಅಂತಲ್ಲ. ಒತ್ತಡ ಕಡಿಮೆ ಇಟ್ಟು, ಎಕ್ಸಾಸ್ಟಿಗೆ ಬಿಸಿ ಅಳೆಯುವ ಮೀಟರ್ ಹಾಕಿ ಓಡಿಸಬಹುದು. ಪೂರ್ತಿ ಶಕ್ತಿ ಬೇಕೆಂದರೆ ಕಂಪನಿಯ ಟರ್ಬೊ ಎಂಜಿನ್ನನ್ನೇ ಪಂಪ್ ಸಮೇತ ಹುಡುಕಿ ಕೂರಿಸುವುದು ಒಳ್ಳೆಯದು. ಅದಕ್ಕೂ ಮೊದಲು ಇರುವ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಲ್ಪಡುತ್ತದೆ ಎಂಬುದು) ಮತ್ತು ವಾಲ್ವ್ ಗ್ಯಾಪ್ ನೋಡಿ, ಡೀಸೆಲ್ ಫಿಲ್ಟರ್ ಬದಲಿಸಿ. ಎಷ್ಟೋ ಸಲ ಕಾರು ಎಳೆಯದಿರಲು ಇವೇ ಕಾರಣ.