2025ರ ನನ್ನ ಪ್ರಶಸ್ತಿ ತುಮಿನಾಡಿಗೆ

2021ರ ಸಿನಿಮಾಗಳಿಗೆ ಕರ್ನಾಟಕದ ರಾಜ್ಯ ಪ್ರಶಸ್ತಿ ಘೋಷಣೆ ಆದದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟು ಸಮಯ ಕಾಯಲು ನನ್ನಿಂದ ಆಗುವುದಿಲ್ಲ. 2025ರಲ್ಲಿ ಥಿಯೇಟರಿಗೆ ಬಂದ ಕನ್ನಡ ಸಿನಿಮಾಗಳಲ್ಲಿ ಯಾರಿಗೆ ಏನು ಸಿಗಬೇಕು ಅಂತ ಈಗಲೇ ಹೇಳಿಬಿಡುತ್ತೇನೆ.

ಅತ್ಯುತ್ತಮ ಪೋಷಕ ನಟ ಪ್ರಕಾಶ್ ತುಮಿನಾಡು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 'ಸು ಫ್ರಮ್ ಸೋ'ಗೆ ಅಲ್ಲ, 'ಮಿಥ್ಯ'ಕ್ಕೆ.

ಕಾರಣ ಹೇಳುತ್ತೇನೆ. 2018ರಲ್ಲಿ ನಮ್ಮೂರಿನ ಹೆಸರನ್ನೇ ಇಟ್ಟುಕೊಂಡು 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಬಂದಾಗ ಇಲ್ಲಿನ ಎಲ್ಲರೂ ಇವರನ್ನು ಅದರಲ್ಲಿನ ಪಾತ್ರದ ಹೆಸರಿನಿಂದ ಭುಜಂಗ ಅಂತಲೇ ಕರೆಯಲು ಶುರು ಮಾಡಿದರು. ಆ ಸಿನಿಮಾಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ಆಮೇಲೆ 'ಕಾಂತಾರ'. ಎಲ್ಲದರಲ್ಲೂ ಇವರು ಬಾಯಿ ಬಿಟ್ಟರೆ ಜನ ನಗುತ್ತಾರೆ. ಒಳ್ಳೆಯದೇ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ನಮ್ಮ ಕಡೆಯ ಕನ್ನಡವನ್ನು ಸಿನಿಮಾದವರು ಎಷ್ಟೋ ವರ್ಷ ಬರೀ ನಗಿಸಲಿಕ್ಕೆ ಇಟ್ಟುಕೊಂಡಿದ್ದರು, ಅಲ್ವಾ? 'ಎಂತ ಮಾರಾಯ್ರೆ' ಅಂದರೆ ಸಾಕು, ಥಿಯೇಟರಿನಲ್ಲಿ ನಗು. ನಾವು ಇದೇ ಭಾಷೆಯಲ್ಲಿ ಸಾಲದ ಚಿಂತೆ ಮಾಡುತ್ತೇವೆ, ಮಕ್ಕಳಿಗೆ ಬಯ್ಯುತ್ತೇವೆ, ಸತ್ತವರ ಮನೆಗೆ ಹೋಗಿ ಮಾತಾಡುತ್ತೇವೆ. ಅದು ಪರದೆ ಮೇಲೆ ಬರುವುದೇ ಕಡಿಮೆ.

'ಮಿಥ್ಯ'ದಲ್ಲಿ ಅದು ಬಂತು. ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡ 11 ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿ ಕಡೆಯ ಸಂಬಂಧಿಕರ ಮನೆಗೆ ಬರುತ್ತಾನೆ. ಆ ಮನೆಯ ಯಜಮಾನ ಪ್ರಕಾಶ್. ಸಮಾಧಾನ ಹೇಳಬೇಕು ಅಂತ ಆಸೆ ಇದೆ, ಮಾತು ಬರುವುದಿಲ್ಲ. ಅಂಥ ಗಂಡಸರು ನಮ್ಮ ಎಲ್ಲರ ಮನೆಯಲ್ಲೂ ಇದ್ದಾರೆ. ಮಂಗಳೂರಿನಲ್ಲಿ ನೋಡಿ ವಾಪಸ್ ಬರುವಾಗ ಬಸ್ಸು ಗಡಿಯ ತಲಪಾಡಿ ದಾಟುವವರೆಗೂ ಅಮ್ಮ ಒಂದು ಮಾತಾಡಲಿಲ್ಲ. ಆಮೇಲೆ, "ಅವರು ನಮ್ಮ ಭುಜಂಗ ಅಲ್ವಾ? ನಗಿಸ್ತಾರೆ ಅಂತ ಹೋದೆ ನಾನು" ಅಂದರು, ಅಷ್ಟೇ. ಕಿಟಕಿಯಿಂದ ಅವರ ಹೆಸರಿನಲ್ಲಿರುವ ಊರು, ತುಮಿನಾಡು, ಕಾಣುತ್ತಿತ್ತು.

ಅದೇ ಸಿನಿಮಾದ ಆತಿಶ್ ಶೆಟ್ಟಿಗೆ ಬಾಲನಟ ಪ್ರಶಸ್ತಿ ಕೊಡದಿದ್ದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಆ ಹುಡುಗ ಅಳುವುದಕ್ಕಿಂತ ಸುಮ್ಮನಿರುವುದೇ ಜಾಸ್ತಿ, ನಮಗೆ ತಡೆಯಲಾಗದ್ದು ಅದೇ. ಮೊದಲ ಸಿನಿಮಾದಲ್ಲೇ ಇಷ್ಟು ಹಿಡಿತ ತೋರಿಸಿದ ಸುಮಂತ್ ಭಟ್ ನನ್ನ ಅತ್ಯುತ್ತಮ ನಿರ್ದೇಶಕ.

ನಟ 'ಅಜ್ಞಾತವಾಸಿ'ಯ ರಂಗಾಯಣ ರಘು. ಛಾಯಾಗ್ರಹಣ 'ಕಾಂತಾರ ಚಾಪ್ಟರ್ 1'ರ ಅರವಿಂದ್ ಕಶ್ಯಪ್, ಅದಕ್ಕೆ ಯಾರೂ ತಕರಾರು ಮಾಡಲಿಕ್ಕಿಲ್ಲ.

ಚಿತ್ರಕಥೆ ಮತ್ತು ಸಂಭಾಷಣೆ ಎರಡೂ 'ಸು ಫ್ರಮ್ ಸೋ'ಗೆ, ಜೆ.ಪಿ. ತುಮಿನಾಡು ಅವರಿಗೆ. ಒಂದು ಊರಿಗೆ ಊರೇ ಒಂದು ಸುಳ್ಳನ್ನು ನಂಬುವುದು, ಆ ನಗುವಿನ ಒಳಗೆ ಒಬ್ಬ ಹೆಂಗಸಿನ ಕಷ್ಟ ಕೂತಿರುವುದು, ಇದನ್ನು ಹೊರಗಿನವರು ಹೀಗೆ ಬರೆಯಲು ಆಗುತ್ತಿರಲಿಲ್ಲ. ಕೇರಳದಲ್ಲಿ ಅದು ಮಲಯಾಳಂಗೆ ಡಬ್ ಆಗಿ ಬಂತು, ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್ ಮೂಲಕ. ಪಕ್ಕದ ಮನೆಯವರು ಮಲಯಾಳಂನಲ್ಲಿ ನೋಡಿ ಬಂದು, ನೀವೂ ಹೋಗಿ ಅಂದರು. ನನಗೆ ಕನ್ನಡದಲ್ಲೇ ಕೇಳಬೇಕಿತ್ತು. ಮತ್ತೆ ಮಂಗಳೂರು ಬಸ್ಸು ಹತ್ತಿದೆ.

ಪೋಷಕ ನಟಿ 'ಮಿಥ್ಯ'ದ ರೂಪಾ ವರ್ಕಾಡಿ. ಹೆಸರಿನಲ್ಲೇ ನಮ್ಮ ಕಡೆಯ ಊರು ವರ್ಕಾಡಿ ಇದೆ. ಆದರೆ ನಾನು ಕೊಡುತ್ತಿರುವುದು ಅದಕ್ಕಲ್ಲ. ಆ ಮನೆಯಲ್ಲಿ ಹುಡುಗನಿಗೆ ಬಡಿಸಿದ ಅನ್ನ ನಿಜವಾಗಿ ಬಿಸಿ ಇದೆ ಅಂತ ನಂಬಿಸಿದ್ದು ಅವರೇ.